ಗರ್ಭಕೋಶದ ಒಳಗೆ ಮೂಳೆ ಇದೆ ಅಂತ ಸ್ಕ್ಯಾನಿಂಗಿನಲ್ಲಿ ಬಂದಿದೆ. ಯಾರಿಗಾದರೂ ಹೀಗೆ ಆಗಿತ್ತಾ?

ಟೈಲರ್ ಪಾಂಡವಪುರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 33 ವರ್ಷ. ಪಾಂಡವಪುರದ ಹತ್ತಿರ ಹಳ್ಳಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ನಮ್ಮ ಯಜಮಾನರದು ಆಲೆಮನೆ. 2015ರಲ್ಲಿ ಮದುವೆ ಆಯಿತು. 2017ರಲ್ಲಿ ಒಂದು ಸಲ ಗರ್ಭ ನಿಂತಿತ್ತು. ನಾಲ್ಕನೇ ತಿಂಗಳಲ್ಲಿ ಹೋಯಿತು. ಒಂದು ನರ್ಸಿಂಗ್ ಹೋಮಿನಲ್ಲಿ ಕ್ಲೀನ್ ಮಾಡಿ ಮಾರನೇ ದಿನ ಕಳಿಸಿದರು. ಆಮೇಲೆ ಏಳು ವರ್ಷ ಆಯಿತು, ಒಂದು ತಿಂಗಳೂ ತಪ್ಪಿಲ್ಲ.

ಮಾಡಿಸದ ಟೆಸ್ಟ್ ಇಲ್ಲ. ಯಜಮಾನರ ರಿಪೋರ್ಟ್ ಸರಿ ಇದೆ. ನನ್ನ ಥೈರಾಯ್ಡ್ ಸರಿ, ಮೊಟ್ಟೆ ಸರಿಯಾಗಿ ಬರುತ್ತಿದೆ. ಡೈ ಹಾಕಿ ನೋಡುವ ಟ್ಯೂಬ್ ಟೆಸ್ಟ್ ಕೂಡ ನಾರ್ಮಲ್. ಮೂರು ಸಲ ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು, ಮಾಡಿಸಿದೆವು. ಆಗಲಿಲ್ಲ. ಕೊನೆಗೆ ಫೈಲಿನ ಮೇಲೆ ‘ಕಾರಣ ಗೊತ್ತಾಗುತ್ತಿಲ್ಲ’ ಅಂತ ಬರೆದು, ಇನ್ನು ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಒಳಗೆ ಇಡುವುದು) ಮಾಡಿಸಿ ಅಂದರು. ಇದರ ಮಧ್ಯೆ ನಮ್ಮ ಅತ್ತೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಕಟ್ಟಿಸಿದ್ದೂ ಆಯಿತು.

ಐವಿಎಫ್‌ಗೆ ಮುಂಚೆ ಇನ್ನೊಂದು ಕಡೆ ತೋರಿಸೋಣ ಅಂತ ಹೋದ ವಾರ ಮೈಸೂರಿಗೆ ಹೋಗಿದ್ದೆವು. ಅಲ್ಲಿ ಒಳಗಿನಿಂದ ಸ್ಕ್ಯಾನ್ ಮಾಡುತ್ತಿದ್ದ ಮೇಡಂ ಸ್ಕ್ರೀನ್ ನೋಡುತ್ತಲೇ ಕೇಳಿದರು, ‘ಕಾಪರ್-ಟಿ ಯಾವಾಗ ಹಾಕಿಸಿಕೊಂಡಿರಿ?’ ನಾನು ಹಾಕಿಸಿಕೊಂಡೇ ಇಲ್ಲ ಅಂದೆ. ಅವರು ನಂಬಲಿಲ್ಲ. ‘ನೆನಪು ಮಾಡಿಕೊಳ್ಳಿ, ಇಲ್ಲಿ ಕಾಣುತ್ತಿದೆಯಲ್ಲ’ ಅಂದರು. ಸ್ಕ್ರೀನಿನಲ್ಲಿ ಬೆಳ್ಳಗೆ ಒಂದು ಗೀಟು, ಕೆಳಗೆ ಕಪ್ಪು ನೆರಳು. ಪರದೆಯ ಆಚೆ ಅತ್ತೆ ಕೂತಿದ್ದರು. ಅವರಿಗೆ ಕೇಳಿಸಿದ್ದು ‘ಕಾಪರ್-ಟಿ’ ಒಂದೇ. ಮನೆಗೆ ಬಂದ ಮೇಲೆ, ‘ಏಳು ವರ್ಸದಿಂದ ನಮ್ ಕಣ್ಣಿಗೆ ಮಣ್ಣೆರಚಿದ್ಯಲ್ಲವ್ವ’ ಅಂದರು. ನಾನೇ ಕಳ್ಳತನದಲ್ಲಿ ಹಾಕಿಸಿಕೊಂಡು ಮಗು ಆಗದ ಹಾಗೆ ನೋಡಿಕೊಂಡಿದ್ದೇನೆ ಅನ್ನುವುದು ಅವರ ಲೆಕ್ಕ. ಯಜಮಾನರು ಏನೂ ಅನ್ನಲಿಲ್ಲ. ಆದರೆ ಆ ರಾತ್ರಿ ಅವರು ಹಳೇ ಫೈಲ್ ತೆಗೆದು ಒಂದೊಂದೇ ಹಾಳೆ ತಿರುವುತ್ತಿದ್ದರು. ಅದೇ ಜಾಸ್ತಿ ನೋವಾಯಿತು.

ಮಾರನೇ ದಿನ ಫೋನ್ ಮಾಡಿ ಮೇಡಂಗೆ ನಾಲ್ಕು ತಿಂಗಳಿಗೆ ಹೋದ ವಿಷಯ ಹೇಳಿದೆ. ಅಷ್ಟು ದಿನ ಯಾರೂ ಅದನ್ನು ಬಿಡಿಸಿ ಕೇಳಿರಲಿಲ್ಲ. ‘ಎಷ್ಟು ಸಲ ಅಬಾರ್ಷನ್’ ಅನ್ನುವ ಜಾಗದಲ್ಲಿ ಒಂದು ಅಂತ ಬರೆದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಎಷ್ಟನೇ ತಿಂಗಳು ಅಂತ ನಾನೂ ಹೇಳಿರಲಿಲ್ಲ, ಆ ಮಾತು ಎತ್ತುವುದೇ ಬೇಡ ಅನ್ನಿಸುತ್ತಿತ್ತು. ಮೇಡಂ ಒಂದು ಕ್ಷಣ ಸುಮ್ಮನಿದ್ದು, ‘ಹಾಗಾದರೆ ಅದು ಕಾಪರ್-ಟಿ ಅಲ್ಲ, ಮೂಳೆ ಇರಬಹುದು’ ಅಂದರು. ರಿಪೋರ್ಟಿನಲ್ಲಿ ಈಗ ‘ಆಸಿಯಸ್ ಮೆಟಾಪ್ಲೇಸಿಯಾ’ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಉದ್ದ 14 ಮಿಲಿಮೀಟರ್. ಹಳೇ ಫೈಲ್ ನೋಡಿದರೆ 2020ರ ಒಂದು ರಿಪೋರ್ಟಿನಲ್ಲೂ ‘ಕ್ಯಾಲ್ಸಿಫಿಕೇಶನ್’ (ಸುಣ್ಣ ಕಟ್ಟಿರುವುದು) ಅಂತ ಇದೆ! ಆಗ ಅದೇನು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೇಳಬೇಕಾದ್ದು ಇಷ್ಟು. ಇದನ್ನು ತೆಗೆಸಿದರೆ ಮಗು ಆಗುತ್ತದಾ, ಅಥವಾ ನೇರ ಐವಿಎಫ್‌ಗೇ ಹೋಗಬೇಕಾ? ಇನ್ನೊಂದು. ಅದು ಯಾರ ಮೂಳೆ? ಆ ಮಗುವಿನದಾ? ಯಾರನ್ನು ಕೇಳಬೇಕು ಗೊತ್ತಾಗುತ್ತಿಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಒಂಟಿಕೊಪ್ಪಲಿನವಳು:

ತಂಗಿ, ಮೂಳೆ ವಿಷಯ ನನಗೆ ಗೊತ್ತಿಲ್ಲ. ಆದರೆ ‘ಕಾರಣ ಗೊತ್ತಾಗುತ್ತಿಲ್ಲ’ ಅನ್ನುವ ಫೈಲು ನನ್ನ ಹತ್ತಿರವೂ ಒಂದಿತ್ತು. ನನಗಿದ್ದದ್ದು ಗರ್ಭಕೋಶದ ಮಧ್ಯೆ ಒಂದು ಪರದೆ, ಸೆಪ್ಟಮ್ ಅನ್ನುತ್ತಾರೆ. ನಾವು ತಾಯಿ ಹೊಟ್ಟೆಯಲ್ಲಿದ್ದಾಗ ಗರ್ಭಕೋಶ ಎರಡು ಕೊಳವೆಗಳಾಗಿ ಶುರುವಾಗಿ, ಕೂಡಿಕೊಂಡು, ಮಧ್ಯದ ಗೋಡೆ ಕರಗಿ ಒಂದು ಚೀಲ ಆಗುತ್ತದಂತೆ. ನನ್ನ ಗೋಡೆ ಅರ್ಧಕ್ಕೇ ನಿಂತಿತ್ತು. ಎರಡು ಸಲ ನಿಂತು, ಎರಡೂ ಸಲ ಹೋಯಿತು.

ಮೊದಲು ಮಾಡಿದ ಸ್ಕ್ಯಾನಿನಲ್ಲಿ ‘ಎರಡು ಕೊಂಬಿನ ಗರ್ಭಕೋಶ’ ಅಂದಿದ್ದರು. ಅದಕ್ಕೂ ಇದಕ್ಕೂ ಅಜಗಜಾಂತರ. ಎರಡು ಕೊಂಬಿನದರಲ್ಲಿ ಮೇಲುಗಡೆ ಹೊರಗಿನ ಆಕಾರವೇ ಒಳಕ್ಕೆ ತಗ್ಗಿರುತ್ತದೆ, ಅದನ್ನು ಒಳಗಿನಿಂದ ಕತ್ತರಿಸಲು ಹೋದರೆ ತೂತು ಬೀಳುತ್ತದೆ. ಪರದೆ ಆದರೆ ಹೊರಗಡೆ ನೆಟ್ಟಗಿರುತ್ತದೆ. 3ಡಿ ಸ್ಕ್ಯಾನ್ ಮಾಡಿದ ಮೇಲೆ ನನ್ನದು ಪರದೆ ಅಂತ ಖಾತ್ರಿ ಆಯಿತು. ಹಿಸ್ಟರೋಸ್ಕೋಪಿ ಅಂತ, ಕೆಳಗಿನಿಂದಲೇ ಸಣ್ಣ ಕ್ಯಾಮೆರಾ ಹಾಕಿ ಕತ್ತರಿಸಿದರು. ಹೊಟ್ಟೆಗೆ ಒಂದು ಹೊಲಿಗೆಯೂ ಇಲ್ಲ, ಸಂಜೆಗೆ ಮನೆ. ಈಗ ಮಗಳು ಒಂದನೇ ಕ್ಲಾಸು.

ಕತ್ತರಿಸಿದ್ದಕ್ಕೇ ಆಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಪರದೆ ಇದ್ದ 80 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದರೆ, ಕತ್ತರಿಸಿಕೊಂಡವರಿಗೂ ಸುಮ್ಮನೆ ಬಿಟ್ಟವರಿಗೂ ಮಗು ಹುಟ್ಟುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವಂತೆ. 80 ಜನ ಕಡಿಮೆ ಆಯಿತು ಅಂತ ಡಾಕ್ಟರುಗಳು ಈಗಲೂ ಜಗಳ ಆಡುತ್ತಿದ್ದಾರೆ. ನಿಮ್ಮದು ಹಾಗಲ್ಲ ಅಲ್ವಾ, ಮೂಳೆ ಹೊರಗಿನ ವಸ್ತು ಇದ್ದ ಹಾಗೆ. ಅತ್ತೆ ವಿಷಯ ಬಿಡಿ, ಮೊದಲು ಯಜಮಾನರನ್ನು ಕೂರಿಸಿ ಆ ಸ್ಕ್ಯಾನ್ ತೋರಿಸಿ.

ಹಳ್ಳಿಮದ್ದು:

ಮೇಡಂ ಆಪರೇಷನ್ ಬೇಡ. ನಮ್ಮಲ್ಲಿ ಮೂಳೆ ಕರಗಿಸುವ ಕಷಾಯ ಇದೆ, 48 ದಿನ ಪಥ್ಯ. ಮೆಸೇಜ್ ಮಾಡಿ.

ನಿವೃತ್ತ ಸಿಸ್ಟರ್:

ಹಳ್ಳಿಮದ್ದು ಅವರೇ, ಮೂಳೆ ಕರಗಿಸುವ ಕಷಾಯ ಕುಡಿದರೆ ಮೊದಲು ಸೊಂಟದ ಮೂಳೆ ಕರಗಬೇಕಲ್ಲ? ಗರ್ಭಕೋಶದೊಳಗೆ ಇರುವುದನ್ನೇ ಹುಡುಕಿಕೊಂಡು ಹೋಗಲು ಅದಕ್ಕೆ ವಿಳಾಸ ಕೊಟ್ಟವರು ಯಾರು?

ಪಾಂಡವಪುರದವರಿಗೆ: ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಇದ್ದವಳು. ಡಾಕ್ಟರಲ್ಲ. ಇಂಥದ್ದನ್ನು ಅಷ್ಟೂ ವರ್ಷದಲ್ಲಿ ನೋಡಿದ್ದು ಮೂರೇ ಸಲ. ಅಪರೂಪ, ಆದರೆ ಇಲ್ಲದ್ದಲ್ಲ. ‘ಕಾಪರ್-ಟಿ ಹಾಕಿಸಿದ್ದೀರಾ’ ಅಂತ ಕೇಳಿಸಿಕೊಂಡವರಲ್ಲಿ ನೀವು ಮೊದಲನೆಯವರೂ ಅಲ್ಲ. ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ.

ಮಾಡುವ ಕೆಲಸವೂ ಹೆಚ್ಚುಕಡಿಮೆ ಒಂದೇ. ಕಾಪರ್-ಟಿ ಮುಖ್ಯವಾಗಿ ವೀರ್ಯಾಣುಗಳನ್ನು ತಡೆಯುತ್ತದೆ, ಜೊತೆಗೆ ಗರ್ಭಕೋಶದ ಒಳಪದರವನ್ನೂ ಸದಾ ಕೆರಳಿಸುತ್ತದೆ. ಮೂಳೆ ಚೂರು ಕೂಡ ಒಳಪದರವನ್ನು ಹಾಗೇ ಕೆರಳಿಸುತ್ತದೆ, ಭ್ರೂಣ ಅಂಟಿಕೊಳ್ಳಲು ತೊಂದರೆ ಆಗುತ್ತದೆ. ಟ್ಯೂಬು, ಮೊಟ್ಟೆ ಎಲ್ಲ ಸರಿ ಇದ್ದೂ ನಿಲ್ಲುವುದಿಲ್ಲ. ಕೆಲವರಿಗೆ ಮುಟ್ಟು ಜಾಸ್ತಿ ಹೋಗುತ್ತದೆ, ಕೆಲವರಿಗೆ ನೋವು, ಬಿಳಿ ಸೆರಗು. ಕೆಲವರಿಗೆ ಏನೂ ಇರುವುದಿಲ್ಲ. ನಿಮಗೆ ಹೇಗೆ, ಬರೆದಿಲ್ಲ. ಡೈ ಹಾಕುವ ಟೆಸ್ಟಿನಲ್ಲಿ ಸಣ್ಣ ಚೂರು ಡೈಯೊಳಗೇ ಮುಚ್ಚಿಹೋಗಬಹುದು, ಅದಕ್ಕೇ ಅದು ನಾರ್ಮಲ್ ಬಂದಿರಬೇಕು.

ಹಾಗಾಗಿ ಇದನ್ನು ಒಳಗೇ ಬಿಟ್ಟು ಐವಿಎಫ್ ಮಾಡಿಸುವುದು ನನ್ನ ಪ್ರಕಾರ ದುಡ್ಡು ದಂಡ. ಕಾಪರ್-ಟಿ ಇಟ್ಟುಕೊಂಡೇ ಐವಿಎಫ್ ಮಾಡಿಸಿದ ಹಾಗೆ. ತೆಗೆಸಿ. ತೆಗೆದ ಮೇಲೆ ಬೇರೇನೂ ಮಾಡದೆ ತಾನಾಗಿಯೇ ನಿಂತವರು ಬೇಕಾದಷ್ಟಿದ್ದಾರೆ. ನಾನು ಕಂಡ ಮೂವರಲ್ಲಿ ಒಬ್ಬರು ಸಿಹಿ ಕೊಡಲು ಬಂದಿದ್ದರು. ಇನ್ನಿಬ್ಬರ ಸುದ್ದಿ ನನಗೆ ಬರಲಿಲ್ಲ. ಆದ್ದರಿಂದ ಗ್ಯಾರಂಟಿ ಅನ್ನುವ ಮಾತು ನನ್ನ ಬಾಯಿಂದ ಬೇಡ.

ಒಂದೇ ಒಂದು ಹಟ ಹಿಡಿಯಿರಿ. ಇನ್ನೊಂದು ಸಲ ಡಿ ಅಂಡ್ ಸಿ ಮಾಡಿ ಕೆರೆದುಬಿಡುತ್ತೇವೆ ಅಂದರೆ ಒಪ್ಪಬೇಡಿ. ಅದು ಕಣ್ಣು ಮುಚ್ಚಿಕೊಂಡು ಕೆರೆಯುವ ಕೆಲಸ. ಚೂರು ಅಲ್ಲೇ ಉಳಿಯಬಹುದು. ಜಾಸ್ತಿ ಕೆರೆದರೆ ಒಳಗಿನ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ಆಶರ್‌ಮನ್ ಅನ್ನುವ ಡಾಕ್ಟರ್ 1948ರಲ್ಲಿ ವಿವರಿಸಿ ಬರೆದರು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಹಾಗಾದವರಿಗೆ ಮುಟ್ಟು ತೀರಾ ಕಡಿಮೆ ಆಗುತ್ತದೆ ಅಥವಾ ನಿಂತೇ ಹೋಗುತ್ತದೆ, ಆಮೇಲೆ ಅದನ್ನು ಬಿಡಿಸಲು ಬೇರೆ ಆಪರೇಷನ್. ಒಂದು ಕಾಯಿಲೆ ತೆಗೆಯಲು ಹೋಗಿ ಇನ್ನೊಂದು ತಂದುಕೊಳ್ಳಬೇಡಿ. ಹಿಸ್ಟರೋಸ್ಕೋಪಿಯಲ್ಲಿ ಸಲೈನ್ ಬಿಟ್ಟು ಗರ್ಭಕೋಶ ಉಬ್ಬಿಸಿ, ಟಿವಿಯಲ್ಲಿ ನೋಡಿಕೊಂಡು, ಚೂರನ್ನು ಇಕ್ಕಳದಲ್ಲಿ ಹಿಡಿದು ತೆಗೆಯುತ್ತಾರೆ. ಆ ತಿಂಗಳ ಮುಟ್ಟು ಮುಗಿದ ಮೇಲೆ, ಒಳಪದರ ತೆಳ್ಳಗಿರುವ ದಿನಗಳಲ್ಲಿ ಮಾಡುತ್ತಾರೆ. ಚೂರು ಗೋಡೆಯೊಳಗೆ ಹೂತುಕೊಂಡಿದ್ದರೆ ಒಂದೇ ಸಲಕ್ಕೆ ಬರದೆ ಹೋಗಬಹುದು. ಆಗ ಹೊಟ್ಟೆ ಮೇಲಿನಿಂದ ಸ್ಕ್ಯಾನ್ ಇಟ್ಟುಕೊಂಡು ಮಾಡುವವರೂ ಇದ್ದಾರೆ. ತೂತು ಬೀಳುವುದು, ಸೋಂಕು ಆಗುವುದು ಅಪರೂಪಕ್ಕೆ ಉಂಟು. ಕೇಳಿ ತಿಳಿದುಕೊಂಡೇ ಸಹಿ ಹಾಕಿ.

ತೆಗೆದದ್ದನ್ನು ಬಯಾಪ್ಸಿಗೆ ಕಳಿಸಲೇಬೇಕು. ಗರ್ಭಕೋಶದಲ್ಲಿ ಬೆಳ್ಳಗೆ ಕಂಡದ್ದೆಲ್ಲ ಮೂಳೆ ಅಲ್ಲ. ಟಿಬಿಯಿಂದಲೂ ಸುಣ್ಣ ಕಟ್ಟುತ್ತದೆ, ಹಳೇ ಫೈಬ್ರಾಯ್ಡ್ (ಗರ್ಭಕೋಶದ ಮಾಂಸದ ಗಂಟು) ಗಟ್ಟಿಯಾಗಿರಬಹುದು, ತೀರಾ ಅಪರೂಪಕ್ಕೆ ಗಡ್ಡೆಯಲ್ಲೂ ಮೂಳೆ ಇರುತ್ತದೆ. ಟಿಬಿ ಟೆಸ್ಟ್ ಕೂಡ ಅದರ ಜೊತೆಗೇ ಆಗಲಿ.

ಇನ್ನು ನೀವು ಕೊನೆಗೆ ಕೇಳಿದ ಪ್ರಶ್ನೆ. ಮಗುವಿನ ಮೂಳೆ ಮೂರನೇ ತಿಂಗಳ ಹೊತ್ತಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಆಮೇಲೆ ಹೋದರೆ, ಕ್ಲೀನ್ ಮಾಡುವಾಗ ಒಂದೆರಡು ಚೂರು ಉಳಿಯಬಹುದು. ಅದು ಒಂದು ದಾರಿ. ಇನ್ನೊಂದು ದಾರಿ ಇದೆ. ಒಳಗೆ ಗಾಯ ಆಗಿ ಬಹಳ ದಿನ ಉರಿಯೂತ ಇದ್ದರೆ, ನಿಮ್ಮ ಗರ್ಭಕೋಶದ ಜೀವಕೋಶಗಳೇ ದಾರಿ ತಪ್ಪಿ ಮೂಳೆ ಕಟ್ಟಲು ಶುರು ಮಾಡುತ್ತವೆ. ಮೆಟಾಪ್ಲೇಸಿಯಾ ಅಂದರೆ ಅದೇ. ಡಿಎನ್ಎ ಟೆಸ್ಟ್ ಮಾಡಿ ನೋಡಿದಾಗ ಅದು ತಾಯಿಯದೇ ಮೂಳೆ ಅಂತ ಬಂದ ಉದಾಹರಣೆಗಳೂ ಇವೆ. ಚಿಕಿತ್ಸೆ ಎರಡಕ್ಕೂ ಒಂದೇ, ಹಾಗಾಗಿ ಸಾಮಾನ್ಯವಾಗಿ ಯಾರೂ ಆ ಟೆಸ್ಟ್ ಮಾಡಿಸುವುದಿಲ್ಲ. ನಿಮಗೆ ಯಾವುದನ್ನು ನಂಬಿದರೆ ನಿದ್ದೆ ಬರುತ್ತದೋ ಅದನ್ನು ನಂಬಿ, ತಾಯಿ.

ಗುತ್ತಲು ರಸ್ತೆ:

ಸಿಸ್ಟರ್ ಟಿಬಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಗಂಡಸು, ಇಲ್ಲಿ ಬರೆಯಬಹುದೋ ಇಲ್ಲವೋ.

ನನ್ನ ಹೆಂಡತಿಗೆ ಕೆಮ್ಮು ಇರಲಿಲ್ಲ, ಜ್ವರ ಇರಲಿಲ್ಲ. ಮುಟ್ಟು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಾ ಬಂತು. ಮೈಗೆ ರಕ್ತ ಕಮ್ಮಿ ಅಂತ ಬೀಟ್‌ರೂಟ್, ದಾಳಿಂಬೆ ತಿನ್ನಿಸಿದೆವು. ಕೊನೆಗೆ ಒಳಪದರದ ಚೂರು ತೆಗೆದು ಟೆಸ್ಟ್ ಮಾಡಿದಾಗ ಗರ್ಭಕೋಶದ ಟಿಬಿ ಅಂತ ಗೊತ್ತಾಯಿತು. ಆರು ತಿಂಗಳು ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಯಿಲೆ ವಾಸಿಯಾಯಿತು. ಆದರೆ ಅಷ್ಟರಲ್ಲಿ ಟ್ಯೂಬು ಎರಡೂ ಮುಚ್ಚಿದ್ದವು, ಒಳಗೆಲ್ಲ ಅಂಟಿಕೊಂಡಿತ್ತು. ಎರಡು ಸಲ ಬಿಡಿಸಿದರು. ಮತ್ತೆ ಅಂಟಿಕೊಂಡಿತು.

ನಮಗೆ ಆಗಲಿಲ್ಲ. ದತ್ತು ತೆಗೆದುಕೊಳ್ಳಲು ಹೆಸರು ಬರೆಸಿ ಕಾಯುತ್ತಿದ್ದೇವೆ. ಬೇಜಾರು ಮಾಡಲು ಹೇಳುತ್ತಿಲ್ಲ. ಮೂರು ವರ್ಷ ಮೊದಲೇ ಯಾರಾದರೂ ‘ಮುಟ್ಟು ಯಾಕೆ ಕಡಿಮೆ’ ಅಂತ ಕೇಳಿದ್ದರೆ ಅನ್ನಿಸುತ್ತದೆ, ಅಷ್ಟೇ. ನೀವು ಬೇಗ ಮಾಡಿಸಿ ಅಕ್ಕ.

ಟೈಲರ್ ಪಾಂಡವಪುರ:

ಒಂದೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಗುತ್ತಲು ರಸ್ತೆ ಅಣ್ಣ ಬರೆದದ್ದನ್ನು ಅವರು ಫೋನ್ ಇಸಕೊಂಡು ತಾವೇ ಇನ್ನೊಂದು ಸಲ ಓದಿದರು.

ಸಿಸ್ಟರ್, ನೀವು ಕೇಳಿದ್ದಿರಿ. ನನಗೆ ಮುಟ್ಟು ಏಳೆಂಟು ದಿನ ಹೋಗುತ್ತಿತ್ತು. ಅದೇ ನನ್ನ ಮೈಯ ರೀತಿ ಅಂದುಕೊಂಡಿದ್ದೆ.

ಆಪರೇಷನ್ ಆಯಿತು. ಒಂದು ಹಸು ಮಾರಿದೆವು. ಪಾಂಡವಪುರ ಸ್ಟೇಷನ್ನಿನಿಂದ ಬೆಳಗಿನ ರೈಲಿಗೆ ಹೋದೆವು, ಸಂಜೆ ವಾಪಸ್ ಬರುವಾಗ ಕಾರು ಮಾಡಿಕೊಂಡೆವು. ಮಂಪರು ಬರುವ ಇಂಜೆಕ್ಷನ್ ಕೊಟ್ಟಿದ್ದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಅರ್ಧ ಗಂಟೆಯೂ ಆಗಲಿಲ್ಲವಂತೆ. ಆಮೇಲೆ ಡಾಕ್ಟರು ವಿಡಿಯೋ ತೋರಿಸಿದರು. ಇಷ್ಟು ವರ್ಷ ಎಲ್ಲ ಡಾಕ್ಟರೂ ಒಳಪದರ ನೋಡಿ ‘ಲೈನಿಂಗ್ ಚೆನ್ನಾಗಿದೆ, ಲೈನಿಂಗ್ ಚೆನ್ನಾಗಿದೆ’ ಅನ್ನುತ್ತಿದ್ದರು. ನಾನು ದಿನಾ ಲೈನಿಂಗ್ ಕೊಡುವವಳು! ಲೈನಿಂಗಿನೊಳಗೆ ಗುಂಡುಸೂಜಿ ಮರೆತು ಹೊಲಿದುಬಿಟ್ಟರೆ ಮೇಲೆ ನೋಡುವವರಿಗೆ ಬ್ಲೌಸ್ ಚೆನ್ನಾಗಿಯೇ ಕಾಣುತ್ತದೆ, ಹಾಕಿಕೊಂಡವರಿಗೆ ಚುಚ್ಚುತ್ತದೆ. ವಿಡಿಯೋದಲ್ಲಿ ಕಂಡದ್ದು ಅದೇ. ಗುಲಾಬಿ ಬಣ್ಣದ ಮೆತ್ತನೆ ಗೋಡೆ, ಅದರಲ್ಲಿ ಓರೆಯಾಗಿ ಸಿಕ್ಕಿಕೊಂಡ ಬಿಳೀ ಚೂರುಗಳು, ಮೀನಿನ ಮುಳ್ಳಿನ ಥರ. ಮೂರು ಬಂದವು. ಒಂದು ಗೋಡೆಯೊಳಗೆ ಹೂತಿತ್ತು, ಅದನ್ನು ಬಿಡಿಸಲು ಜಾಸ್ತಿ ಹೊತ್ತು ಹಿಡಿಯಿತಂತೆ.

ಬಯಾಪ್ಸಿಗೆ ಕೊಡಲು ಸಣ್ಣ ಡಬ್ಬಿಯಲ್ಲಿ ಔಷಧಿ ನೀರು ಹಾಕಿ ಯಜಮಾನರ ಕೈಗೆ ಕೊಟ್ಟಿದ್ದರು. ಲ್ಯಾಬು ಎರಡು ರಸ್ತೆ ಆಚೆ. ಅದನ್ನು ಅವರು ಅಂಗಿ ಜೇಬಿನಲ್ಲಿ ಇಟ್ಟುಕೊಂಡು, ಮೇಲೆ ಕೈ ಮುಚ್ಚಿಕೊಂಡು ಹೋದರಂತೆ. ಲ್ಯಾಬಿನ ಹುಡುಗ ಡಬ್ಬಿ ಇಸಕೊಂಡು ನಂಬರ್ ಅಂಟಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಮೂರು ದಿನ ಆದ ಮೇಲೆ, ಕತ್ತಲಲ್ಲಿ. ರಿಪೋರ್ಟಿನಲ್ಲಿ ಮೂಳೆ ಅಂತಲೇ ಬಂತು. ಟಿಬಿ ಇಲ್ಲ, ಬೇರೆ ಏನೂ ಇಲ್ಲ. ಯಾರದು ಅಂತ ಬರೆದಿಲ್ಲ. ಸಿಸ್ಟರ್, ನೀವು ಎರಡು ದಾರಿ ಹೇಳಿದಿರಿ. ನಾನು ಎರಡನೆಯದನ್ನು ನಂಬಲು ನೋಡಿದೆ. ಅವರು ಮೊದಲನೆಯದನ್ನೇ ನಂಬಿದ್ದಾರೆ ಅನ್ನಿಸುತ್ತದೆ. ಕೇಳಿಲ್ಲ.

ಅತ್ತೆಗೆ ಡಾಕ್ಟರೇ ಕೂರಿಸಿ ಹೇಳಿದರು, ಕಾಪರ್-ಟಿ ಅಲ್ಲ ಅಂತ. ಅವರು ತಪ್ಪಾಯಿತು ಅನ್ನುತ್ತಾರೆ ಅಂತ ನಾನು ಕಾದಿದ್ದೆ. ಅವರು ಅಂದದ್ದು, ‘ಅಂಗಾದ್ರೆ ಇಷ್ಟ್ ವರ್ಸ ಮೂಳೆ ಮಡಿಕ್ಕಂಡೇ ದೇವ್ರ್ ಮನೆಗೆ ಬತ್ತಿದ್ದೆ ಅನ್ನು’. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಸೂತಕ ಕಳೆಯಬೇಕು ಅಂತ ಹಟ ಹಿಡಿದು, ಡಾಕ್ಟರು ಸ್ನಾನಕ್ಕೆ ಹೂಂ ಅಂದ ಮೇಲೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಕರೆದುಕೊಂಡು ಹೋದರು. ನಮ್ಮ ಕಡೆ ಬೂದಿ ಬಿಡುವುದು ಅಲ್ಲೇ. ನಮ್ಮ ಕೈಯಲ್ಲಿ ಬಿಡಲು ಏನೂ ಇರಲಿಲ್ಲ, ಎಲ್ಲ ಲ್ಯಾಬಿನಲ್ಲಿತ್ತು. ಇಬ್ಬರೂ ಫ್ರೀ ಬಸ್ಸಿನಲ್ಲಿ ಹೋಗಿ, ಹೊಳೆಯಲ್ಲಿ ಮೂರು ಮುಳುಗು ಹಾಕಿ, ಒದ್ದೆ ಸೀರೆ ಬದಲಾಯಿಸಿ ಬಂದೆವು. ಮುಳುಗುವಾಗ ನನ್ನ ಕೈ ಬಿಡಲಿಲ್ಲ ಅವರು. ಬಸ್ಸಿನಲ್ಲಿ ಕಡಲೆಕಾಯಿ ಕೊಡಿಸಿದರು. ಕಾಪರ್-ಟಿ ಮಾತು ಮತ್ತೆ ಎತ್ತಿಲ್ಲ.

ಇನ್ನೂ ಏನೂ ಆಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಈ ತಿಂಗಳು ಮತ್ತೆ ಸ್ಕ್ಯಾನ್ ಮಾಡಿ ಚೂರು ಉಳಿದಿದೆಯಾ ನೋಡುತ್ತಾರಂತೆ. ಇಲ್ಲ ಅಂದರೆ ಆರು ತಿಂಗಳು ಮನೆಯಲ್ಲೇ ನೋಡಿ, ಐವಿಎಫ್ ಮಾತು ಆಮೇಲೆ ಅಂದಿದ್ದಾರೆ.

ಆಪರೇಷನ್ ಆದ ಮೇಲಿನ ಮೊದಲ ಮುಟ್ಟು ಬಂತು. ನಾಲ್ಕೇ ದಿನ. ಐದನೇ ದಿನವೂ ಪ್ಯಾಡ್ ಇಟ್ಟುಕೊಂಡು ಹೊಲಿಯಲು ಕೂತಿದ್ದೆ, ಅಭ್ಯಾಸ.

ನಿವೃತ್ತ ಸಿಸ್ಟರ್:

ಮರುಸ್ಕ್ಯಾನಿಗೆ ಹೋಗುವಾಗ 2020ರ ಆ ರಿಪೋರ್ಟನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಆಪರೇಷನ್ ವಿಡಿಯೋ ಪೆನ್‌ಡ್ರೈವಿನಲ್ಲಿ ಕೇಳಿ ಇಸಕೊಳ್ಳಿ, ಅದು ನಿಮ್ಮದೇ. ಮುಂದೆ ನಿಂತರೆ ಮೊದಲ ದಿನವೇ ಡಾಕ್ಟರಿಗೆ ಈ ಆಪರೇಷನ್ ವಿಷಯ ಹೇಳಬೇಕು, ಗೋಡೆಯೊಳಗಿಂದ ತೆಗೆದಿದ್ದಾರಲ್ಲ.

ಟೈಲರ್ ಪಾಂಡವಪುರ:

ಆಯಿತು ಸಿಸ್ಟರ್. ಈ ಸಲ ಎಷ್ಟನೇ ತಿಂಗಳು ಅಂತ ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ.